ಇಪ್ಪತ್ತು ಕುರಿಯ ಔಷಧ

ನಮ್ಮ ಕಡೆ ಡಾಕ್ಟರು ಪುಸ್ತಕ ತೆಗೆದರೆ ರೋಗಿಗೆ ಅನುಮಾನ ಬರುತ್ತದೆ. ‘ಇವರಿಗೇ ಗೊತ್ತಿಲ್ಲ, ನೋಡಿ ಹೇಳಾಕತ್ತಾರ’ ಎಂದು ಎದ್ದು ಎದುರಿನ ದವಾಖಾನೆಗೆ ಹೋದವರನ್ನು ನಾನೇ ಕಂಡಿದ್ದೇನೆ. ಅದೇ ಡಾಕ್ಟರು ಫೋನು ತೆಗೆದು ಬೆರಳಾಡಿಸಿದರೆ ಮಾತೇ ಬೇರೆ. ‘ಭಾಳ ಹುಷಾರ್ ಅದಾರ, ಎಲ್ಲಾ ಮೊಬೈಲ್‌ನ್ಯಾಗ ನೋಡ್ತಾರ’ ಅನ್ನುತ್ತಾರೆ. ಗೋಕಾಕದ ನನ್ನ ಹತ್ತು ಹಾಸಿಗೆಯ ದವಾಖಾನೆ ಈ ಎರಡನೆಯ ಮಾತಿನ ಮೇಲೆಯೇ ನಡೆದಿತ್ತು ಎಂದರೂ ತಪ್ಪಿಲ್ಲ.

ನನ್ನ ಫೋನಿನಲ್ಲಿ ಆರು ಆ್ಯಪ್‌ಗಳಿದ್ದವು. ಮಗುವಿನ ತೂಕ ಹಾಕಿದರೆ ಔಷಧ ಎಷ್ಟು ಮಿಲಿ ಎಂದು ಹೇಳುವುದು ಒಂದು. ಎರಡು ಗುಳಿಗೆ ಒಟ್ಟಿಗೆ ಕೊಟ್ಟರೆ ಒಂದಕ್ಕೊಂದು ಬಡಿದಾಡುತ್ತವೆಯೇ ಎಂದು ತಿಳಿಸುವುದು ಇನ್ನೊಂದು. ಯಾವ ವಿಷಕ್ಕೆ ಏನು ಮಾಡಬೇಕೆಂದು ಹೇಳಲು ಬೇರೆಯದೇ ಇತ್ತು. ಹುಕ್ಕೇರಿ ಕಡೆಯ ಮುದುಕರು ಮೂರು ಡಾಕ್ಟರ ಮೂರು ಚೀಟಿ ತಂದು ಮೇಜಿನ ಮೇಲೆ ಹರಡುತ್ತಾರಲ್ಲ, ಆಗ ಆ ಎರಡನೆಯ ಆ್ಯಪ್ ಇಲ್ಲದಿದ್ದರೆ ನನ್ನ ಗತಿ ಏನಾಗುತ್ತಿತ್ತೋ. ಸುಳ್ಳು ಹೇಳಬಾರದು, ಅವುಗಳಿಂದ ಜೀವ ಉಳಿದದ್ದೂ ಉಂಟು. ಆದರೆ ನಾನು ಬರೆಯಲು ಕುಳಿತದ್ದು ಅದನ್ನಲ್ಲ. ಒಬ್ಬ ಹೆಣ್ಣುಮಗಳ ಕಣ್ಣು ನನ್ನ ಕೈಯಲ್ಲಿದ್ದ ಐದು ದಿನಗಳ ಕಥೆ ಇದು.

ಅಂದು ಸೋಮವಾರ. ಮುಂಜಾನೆ ಒಂಬತ್ತೂವರೆಗೆಲ್ಲ ಹೊರಗಿನ ಬೆಂಚುಗಳು ತುಂಬಿದ್ದವು. ಮಮದಾಪುರದಿಂದ ಟಂಟಂ ಗಾಡಿಯಲ್ಲಿ ಒಬ್ಬ ಕುರುಬರ ಅಜ್ಜ ತಮ್ಮ ಸೊಸೆಯನ್ನು ಕರೆತಂದರು. ಸೊಸೆಗೆ ಮೂವತ್ತು ದಾಟಿರಲಿಕ್ಕಿಲ್ಲ. ಮೂರು ಸಲ ವಾಂತಿಯಾಗಿತ್ತು, ನಿಂತರೆ ತಲೆ ತಿರುಗುತ್ತಿತ್ತು. ‘ಏನೋ ಕುಡದಾಳ್ರಿ’ ಎಂದರು ಅಜ್ಜ.

‘ಏನೋ ಕುಡಿದಾಳೆ’ ಎಂಬ ಮಾತು ಕಿವಿಗೆ ಬಿದ್ದರೆ ನಮ್ಮ ಭಾಗದ ಯಾವ ಡಾಕ್ಟರಿಗೂ ಹೊಳೆಯುವುದು ಒಂದೇ: ಬೆಳೆಗೆ ಹೊಡೆಯುವ ಎಣ್ಣೆ. ನನಗೂ ಅದೇ ಹೊಳೆಯಿತು. ಬಾಯಿಯ ವಾಸನೆ ನೋಡಿದೆ, ಇಲ್ಲ. ಕಣ್ಣಿನ ಪಾಪೆ ಸಣ್ಣದಾಗಿಲ್ಲ, ಜೊಲ್ಲು ಸುರಿಯುತ್ತಿಲ್ಲ, ಎದೆಯಲ್ಲಿ ಗುರುಗುರು ಇಲ್ಲ. ನಾಡಿ ಸ್ವಲ್ಪ ಜೋರು, ರಕ್ತದೊತ್ತಡ ಸರಿ. ಹೊಟ್ಟೆ ತೊಳೆಯಲು ಹೇಳಿ, ಸಲೈನ್ ಹಚ್ಚಿಸಿ, ವಿಷದ ಕೇಸೆಂದು ಠಾಣೆಗೂ ತಿಳಿಸಿದೆ. ನಮ್ಮ ಹಿರಿಯ ನರ್ಸ್ ಪರದೆ ಎಳೆದು ಅವಳ ಪಕ್ಕ ಕುಳಿತು ಮೆಲ್ಲಗೆ ಕೇಳಿದರು.

‘ಯವ್ವಾ, ಖರೆ ಹೇಳು. ಮನ್ಯಾಗ ಏನರ ಆಗಿತ್ತೇನು?’

‘ಏನೂ ಆಗಿಲ್ರಿ ಅಕ್ಕಾರ. ತಿಂಗಳಾತು ಹೊಟ್ಟಿ ನೋಯಾಕತ್ತಿತ್ತು. ಮಗಳಿಗಿ ಸಾಲ್ಯಾಗ ಜಂತದ ಗುಳಿಗಿ ಕೊಟ್ಟಿದ್ರು. ನನಗೂ ಅದ ಇರಬೇಕಂತ ಔಷಧ ಕುಡದ್ನಿ.’

‘ಯಾವ ಔಷಧ?’

‘ಕುರೀದು.’

ನರ್ಸ್ ಹೊರಗೆ ಬಂದು ಇದನ್ನು ಹೇಳಿದಾಗ ನನಗೆ ನಗು ಬಂತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಬಂತು. ಎಣ್ಣೆಯಲ್ಲ, ಸಾಯಲು ಕುಡಿದದ್ದಲ್ಲ, ಜಂತುಹುಳದ ಔಷಧ ಎಂದ ಕೂಡಲೇ ನನ್ನ ಎದೆ ಹಗುರಾಯಿತು. ಜಂತುಹುಳದ ಗುಳಿಗೆಯನ್ನು ನಾವು ಸಾಲಿ ಮಕ್ಕಳಿಗೆ ಪೆಪ್ಪರಮೆಂಟಿನ ಹಾಗೆ ಹಂಚುವವರು.

ಅಜ್ಜ ಕಂಬಳಿಯ ಮಡಿಕೆಯಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು. ಚೀಟಿಯ ಮೇಲೆ ಔಷಧದ ಹೆಸರು ಸ್ಪಷ್ಟವಾಗಿತ್ತು: ಕ್ಲೋಸಂಟೆಲ್. ನಾನು ಆ ಹೆಸರನ್ನು ಅಲ್ಲಿಯವರೆಗೆ ಕೇಳಿರಲಿಲ್ಲ. ಫೋನು ತೆಗೆದೆ. ಔಷಧಗಳ ಆ್ಯಪ್‌ನಲ್ಲಿ ಹಾಕಿದೆ, ಫಲಿತಾಂಶ ಇಲ್ಲ. ವಿಷಗಳ ಆ್ಯಪ್‌ನಲ್ಲಿ ಹಾಕಿದೆ, ಅಲ್ಲೂ ಇಲ್ಲ. ಒಂದೊಂದೇ ಅಕ್ಷರ ನೋಡಿ ಮತ್ತೆ ಹಾಕಿದೆ. ಇಲ್ಲ. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ಅಪಾಯದ ಔಷಧವಾಗಿದ್ದರೆ ಇಷ್ಟು ದೊಡ್ಡ ಪಟ್ಟಿಯಲ್ಲಿ ಇರುತ್ತಿರಲಿಲ್ಲವೇ ಎಂದುಕೊಂಡೆ. ಮನುಷ್ಯರ ಜಂತುಹುಳದ ಗುಳಿಗೆಯ ಪುಟ ತೆರೆದೆ. ವಾಂತಿ, ತಲೆ ಸುತ್ತು, ಹೊಟ್ಟೆನೋವು, ಒಂದೆರಡು ದಿನದಲ್ಲಿ ಕಡಿಮೆ. ಎಲ್ಲ ಹೊಂದಿತು.

ಅಜ್ಜ ಇನ್ನೂ ನಿಂತೇ ಇದ್ದರು.

‘ಸಾಹೇಬ್ರ, ಇದು ಹೆಚ್ಚಾತಂದ್ರ ಕುರಿ ಕಣ್ಣ ಹೋಗ್ತಾವ್ರಿ.’

ನಾನು ಫೋನಿನಿಂದ ತಲೆ ಎತ್ತಲಿಲ್ಲ. ‘ಅಜ್ಜಾ, ಕುರಿ ಬ್ಯಾರೆ, ಮನಷ್ಯಾ ಬ್ಯಾರೆ’ ಎಂದೆ.

‘ಅದೂ ಖರೇನ ಐತಿ. ನಿಮಗ ಗೊತ್ತಿರತೈತಿ ಬಿಡ್ರಿ’ ಎಂದು ಅವರು ಬಾಟಲಿಯನ್ನು ಮತ್ತೆ ಕಂಬಳಿಯೊಳಗೆ ಇಟ್ಟುಕೊಂಡು ಬೆಂಚಿನ ಮೇಲೆ ಕುಳಿತರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ವಾಂತಿ ನಿಂತಿತ್ತು. ಲಿವರಿನ ಪರೀಕ್ಷೆ ಸರಿ ಬಂದಿತ್ತು. ಗಂಜಿ ಕುಡಿದಳು, ತಾನೇ ಎದ್ದು ಬಾಗಿಲವರೆಗೆ ನಡೆದಳು. ಆಮ್ಲ ತಗ್ಗಿಸುವ ಗುಳಿಗೆ, ಶಕ್ತಿಯ ಪುಡಿ ಬರೆದುಕೊಟ್ಟೆ. ‘ನಾಕೈದು ದಿನ ನಿಶ್ಶಕ್ತಿ ಇರತೈತಿ. ಗಾಬರಿ ಆಗಬ್ಯಾಡ್ರಿ, ಮನ್ಯಾಗ ಮಲಕ್ಕೋಳ್ಲಿ’ ಎಂದು ಅಜ್ಜನಿಗೆ ಹೇಳಿದೆ. ಕೇಸ್ ಪೇಪರಿನ ಕೊನೆಗೆ ‘ಗುಣಮುಖ’ ಎಂದು ಬರೆದು ಸಹಿ ಮಾಡಿದೆ.

ಶನಿವಾರ ಹತ್ತು ಗಂಟೆಗೆ ಅವರು ಮತ್ತೆ ಬಂದರು. ಈ ಸಲ ಅವಳು ಅಜ್ಜನ ತೋಳು ಹಿಡಿದು ನಡೆಯುತ್ತಿದ್ದಳು. ನಮ್ಮ ಬಾಗಿಲಲ್ಲಿ ಒಂದು ಮೆಟ್ಟಿಲಿದೆ. ಅಲ್ಲಿಗೆ ಬಂದಾಗ ಕಾಲಿನಿಂದ ತಡವಿದಳು. ನಾನು ಎದ್ದು ಬಾಗಿಲಿಗೆ ಹೋದೆ.

‘ಕಣ್ಣ ಮುಂದ ಹೊಗಿ ಕವದಂಗ ಆಗೈತ್ರಿ’ ಎಂದಳು.

‘ಯಾವಾಗಿನಿಂದವ್ವಾ?’

‘ಬುಧವಾರದಿಂದ್ರಿ. ಮಾವಾರು ಅವತ್ತ ಹೋಗೂಣು ಅಂದ್ರು. ನಾನ ಬ್ಯಾಡ ಅಂದ್ನಿ. ಡಾಕ್ಟ್ರು ನಾಕೈದು ದಿನ ನಿಶ್ಶಕ್ತಿ ಇರತೈತಿ ಅಂತ ಹೇಳ್ಯಾರಲ್ಲ, ಹೋಗತೈತಿ ಅಂದ್ನಿ.’

ಬುಧವಾರ, ಗುರುವಾರ, ಶುಕ್ರವಾರ. ಮೂರು ದಿನ ಆಕೆ ನನ್ನ ಮಾತು ನಂಬಿ ಮಲಗಿದ್ದಳು.

ಮೂರು ಅಡಿ ದೂರ ನಿಂತು ಬೆರಳು ತೋರಿಸಿದೆ. ಬಲಗಣ್ಣಿಗೆ ಕೈ ಅಲ್ಲಾಡುವುದು ಗೊತ್ತಾಗುತ್ತಿತ್ತು, ಬೆರಳೆಷ್ಟೆಂದು ಗೊತ್ತಾಗುತ್ತಿರಲಿಲ್ಲ. ಎಡಗಣ್ಣಿಗೆ ಅದೂ ಇಲ್ಲ. ಬ್ಯಾಟರಿಯ ಬೆಳಕು ಬಿಟ್ಟರೆ ಎರಡೂ ಪಾಪೆಗಳು ಅರಳಿಯೇ ಇದ್ದವು, ಸೋಮಾರಿಯಂತೆ ಸ್ವಲ್ಪ ಕದಲಿ ನಿಂತವು. ಪಕ್ಕದ ಬೀದಿಯಲ್ಲಿ ಕಣ್ಣಿನ ಡಾಕ್ಟರಿದ್ದಾರೆ, ನನ್ನ ಹಳೆಯ ಸ್ನೇಹಿತರು. ಅವರು ಬಂದು ಕಣ್ಣಿನೊಳಗೆ ನೋಡಿ, ನರದ ಬುಡ ಎರಡೂ ಕಡೆ ಬಾತಿದೆ ಎಂದರು. ‘ಏನರ ವಿಷಾನ ಇರಬೇಕ್ರಿ. ಏನ್ ತಗೊಂಡಿದ್ಲು?’ ಎಂದು ಕೇಳಿದರು.

ಜಂತದ ಔಷಧ ಎಂದು ನಾನು ಹೇಳಲಿಲ್ಲ. ಮತ್ತೆ ಫೋನು ತೆಗೆದೆ. ಲಕ್ಷಣ ಹಾಕಿದರೆ ಕಾರಣ ಹೇಳುವ ಆ್ಯಪ್ ಒಂದಿತ್ತು. ಎರಡೂ ಕಣ್ಣು, ನರದ ಬಾವು, ವಿಷ ಎಂದು ಹಾಕಿದೆ. ಪಟ್ಟಿ ಬಂತು. ಎಲ್ಲಕ್ಕಿಂತ ಮೇಲೆ ಕಳ್ಳಬಟ್ಟಿ ಸಾರಾಯಿಯಲ್ಲಿ ಬರುವ ವಿಷ. ನಾನೆಂಥ ಮನುಷ್ಯ ನೋಡಿ, ಆ ಪಟ್ಟಿ ಹಿಡಿದುಕೊಂಡು ಹೊರಗೆ ಹೋಗಿ ಅಜ್ಜನನ್ನು ಕೇಳಿದೆ:

‘ಅಜ್ಜಾ, ಸಿಟ್ಟಾಗಬ್ಯಾಡ್ರಿ. ನಿಮ್ಮ ಸೊಸಿ ಯಾವಾಗರ ಸಾರಾಯಿ ಕುಡೀತಾಳೇನು?’

ಬೆಂಚಿನ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಅಜ್ಜ ಎದ್ದು ನಿಂತರು. ಅವರ ದನಿ ಏರಲಿಲ್ಲ.

‘ಸಾಹೇಬ್ರ, ಅಕಿ ಏನ್ ಕುಡದಾಳ ಅಂತ ನಾ ಸೋಮವಾರ ಹೇಳೇನಿ. ಕುಡದ್ರ ಏನ್ ಆಗತೈತಿ ಅಂತಾನೂ ಹೇಳೇನಿ. ಇನ್ನೇನ್ ಹೇಳ್ಲಿ ನಾ?’

ನನ್ನ ದವಾಖಾನೆಯಲ್ಲಿ, ನನ್ನ ರೋಗಿಗಳ ಎದುರು, ಅವರು ಹೇಳಿದ್ದು ಇಷ್ಟೇ. ಬೆಣ್ಣೆ ಕೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದವನ ಗತಿ ನನ್ನದು. ಒಳಗೆ ಹೋಗಿ ಫೋನನ್ನು ಮೇಜಿನ ಖಾನೆಯಲ್ಲಿ ಹಾಕಿ ಬಂದೆ. ‘ಆ ಬಾಟಲಿ ಎಲ್ಲೈತ್ರಿ?’ ಎಂದೆ. ಅವರು ತಂದೇ ಇದ್ದರು. ಅದನ್ನು ತೆಗೆದುಕೊಂಡು, ಮಾತಾಡಲು ಬೇಕಾದೀತೆಂದು ನರ್ಸಿನ ಫೋನು ಕಿಸೆಯಲ್ಲಿ ಹಾಕಿಕೊಂಡು, ಕಾಯುತ್ತಿದ್ದವರಿಗೆ ಕ್ಷಮಿಸಿ ಎಂದು ಹೇಳಿ ದನದ ದವಾಖಾನೆಗೆ ಹೋದೆ. ಗಾಡಿಯ ಮೇಲೆ ಐದು ನಿಮಿಷದ ದಾರಿ. ಹದಿನೈದು ವರ್ಷದಲ್ಲಿ ನಾನು ಅದರ ಒಳಗೆ ಕಾಲಿಟ್ಟಿರಲಿಲ್ಲ.

ಅಲ್ಲಿಯ ಪಶುವೈದ್ಯರು ಒಂದು ಎಮ್ಮೆಯ ಕೆಚ್ಚಲು ನೋಡುತ್ತಿದ್ದರು. ಬಾಟಲಿ ತೋರಿಸಿ, ಒಬ್ಬ ಹೆಣ್ಣುಮಗಳು ಇದನ್ನು ಕುಡಿದಿದ್ದಾಳೆ ಎಂದೆ. ಅವರು ಕೈ ತೊಳೆಯುವುದನ್ನು ಅರ್ಧಕ್ಕೇ ನಿಲ್ಲಿಸಿದರು.

‘ಎಷ್ಟ ಕುಡದಾಳ್ರಿ?’

‘ಎರಡು ಮುಚ್ಚಳ ಅಂತ ನಮ್ಮ ನರ್ಸಿಗಿ ಹೇಳ್ಯಾಳ.’

‘ನೀರಾಗ ಬೆರಸಿದ್ದೋ, ಬೆರಸಲಾರದ್ದೋ?’

ಈ ಪ್ರಶ್ನೆಯನ್ನು ನಾನು ಕೇಳಿರಲಿಲ್ಲ. ನನ್ನ ಆರು ಆ್ಯಪ್‌ಗಳಲ್ಲಿ ಒಂದೂ ಕೇಳಿರಲಿಲ್ಲ. ದವಾಖಾನೆಯ ಮೇಜಿನ ಫೋನಿಗೆ ಹಚ್ಚಿ ನರ್ಸಿಗೆ ಹೇಳಿದೆ, ಅವರು ಆಕೆಗೇ ಫೋನು ಕೊಟ್ಟರು.

‘ಬೆರಸೂದು ನನಗೇನ್ ಗೊತ್ತ್ರಿ’ ಎಂದಳು ಅವಳು. ‘ಅದು ಗಂಡಸರ ಕೆಲಸ. ಅವರು ಬಾವಿ ಕಡೆ ಬೆರಸಿ ಕ್ಯಾನ್ ತಂದು ಕೊಡ್ತಾರ. ನಾವು ಹೆಣ್ಮಕ್ಕಳು ಕುರಿ ಹಿಡದು ಒಂದಕ್ಕ ಒಂದ್ ಮುಚ್ಚಳ ಕುಡಸ್ತೇವಿ. ನಾ ಕುರೀಗಿಂತ ದೊಡ್ಡಾಕಿ ಅಲ್ರಿ, ಅದಕ್ಕ ಎರಡು ತಗೊಂಡ್ನಿ.’

ಅವಳ ಗಂಡ ಆಗ ಮೂಡಲಗಿ ಕಡೆ ಕಬ್ಬು ಕಡಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿ ನಿಲ್ಲಿಸಲು ಹೋಗಿದ್ದ. ಬೆರೆಸದ ಬಾಟಲಿ ಮಾತ್ರ ಮನೆಯಲ್ಲಿತ್ತು. ಅಳತೆ ಅವಳಿಗೆ ಚೆನ್ನಾಗಿ ಗೊತ್ತಿತ್ತು, ವರ್ಷಗಟ್ಟಲೆ ನೂರಾರು ಕುರಿಗಳಿಗೆ ಕುಡಿಸಿದ ಕೈ ಅದು. ಆ ಅಳತೆಯ ಹಿಂದೆ ಒಂದಕ್ಕೆ ಒಂಬತ್ತು ಪಾಲು ನೀರಿದೆ ಎಂಬುದನ್ನು ಅವಳಿಗೆ ಯಾರೂ ಹೇಳಿರಲಿಲ್ಲ, ಹೇಳುವ ಪ್ರಸಂಗವೇ ಬಂದಿರಲಿಲ್ಲ.

ಪಶುವೈದ್ಯರು ಒಂದು ಚೀಟಿಯ ಹಿಂದೆ ಲೆಕ್ಕ ಹಾಕಿದರು. ಮುಚ್ಚಳಕ್ಕೆ ಇಪ್ಪತ್ತು ಮಿಲಿ. ಬೆರೆಸಿದ್ದಾದರೆ ಅದರಲ್ಲಿ ಎರಡು ಮಿಲಿ ಔಷಧ, ಒಂದು ಕುರಿಗೆ ಅಷ್ಟು ಸಾಕು. ಬೆರೆಸದ ಎರಡು ಮುಚ್ಚಳವೆಂದರೆ ನಲವತ್ತು ಮಿಲಿ.

‘ಇಪ್ಪತ್ತು ಕುರೀದು ಒಬ್ಬಾಕಿ ಕುಡದಾಳ್ರಿ’ ಎಂದರು. ‘ಇದು ರಕ್ತದಾಗ ಹೊಕ್ಕಿತಂದ್ರ ವಾರಗಟ್ಟಲೆ ಬಿಡೂದಿಲ್ಲ. ಹೆಚ್ಚಾದ್ರ ಕಣ್ಣಿಗೇ ಬಡೀತೈತಿ. ಕುರಿ ಸಾಯೂದಿಲ್ಲ, ಗ್ವಾಡಿಗಿ ಹಾಯ್ಕೋತ ತಿರಗತಾವ. ಕುರುಬರ ಪೈಕಿ ಯಾರಿಗಿ ಕೇಳಿದ್ರೂ ಹೇಳತಿದ್ರಲ್ರಿ.’

‘ಹೇಳಿದ್ರು’ ಎಂದೆ.

ಅವರು ಬಾಟಲಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಇದಕ್ಕೆ ಪ್ರತಿವಿಷವಿಲ್ಲ, ತಡ ಮಾಡಬೇಡಿ ಎಂದಷ್ಟೇ ಹೇಳಿದರು.

ತಿರುಗಿ ಬಂದು ಬೆಳಗಾವಿಯ ದೊಡ್ಡ ಆಸ್ಪತ್ರೆಯ ಒಬ್ಬ ವೈದ್ಯರೊಂದಿಗೆ ಮಾತಾಡಿದೆ. ಅವರೂ ಈ ಔಷಧ ಕುಡಿದ ರೋಗಿಯನ್ನು ನೋಡಿರಲಿಲ್ಲ. ಬಾವು ಇಳಿಸಲು ಸ್ಟಿರಾಯ್ಡ್ ಕೊಡಬಹುದು, ರಕ್ತದ ನೀರಿನಂಶ ತೆಗೆದು ಬೇರೆ ಹಾಕಿ ವಿಷ ಕಡಿಮೆ ಮಾಡಲು ನೋಡಬಹುದು, ಖಾತ್ರಿ ಇಲ್ಲ, ಕೂಡಲೇ ಕಳಿಸಿ ಎಂದರು. ‘ಕುಡಿದು ಎಷ್ಟು ದಿನ ಆಯ್ತು? ಸರಿಯಾಗಿ ಬರೆದು ಕಳಿಸಿ’ ಎಂದರು.

ಕಾಗದ ಬರೆಯಲು ಕುಳಿತೆ. ಮೊದಲು ಬರೆದದ್ದರಲ್ಲಿ ‘ದೃಷ್ಟಿ ಮಂದವೆಂದು ರೋಗಿ ಇಂದು ಬಂದಿದ್ದಾರೆ’ ಎಂದಿತ್ತು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಓದಿ ನೋಡಿದೆ, ಅಸಹ್ಯವಾಯಿತು. ಹರಿದೆ. ಎರಡನೆಯದರಲ್ಲಿ ಎಲ್ಲ ಬರೆದೆ: ಸೋಮವಾರವೇ ನನ್ನ ಬಳಿ ಬಂದಿದ್ದರು, ಬಾಟಲಿ ತಂದಿದ್ದರು, ಕಣ್ಣಿಗೆ ತೊಂದರೆಯಾಗುತ್ತದೆ ಎಂದು ಮಾವ ಎಚ್ಚರಿಸಿದ್ದರು, ನಾನು ಗಮನಿಸಲಿಲ್ಲ, ಗುಣಮುಖವೆಂದು ಮನೆಗೆ ಕಳಿಸಿದೆ. ಕಣ್ಣಿನ ಡಾಕ್ಟರು ಭುಜದ ಮೇಲಿಂದ ಓದಿದರು.

‘ಇಷ್ಟೆಲ್ಲಾ ಯಾಕ್ ಬರೀತೀರಿ ಮಾರಾಯ್ರ? ನಾಳೆ ಯಾರರ ಈ ಕಾಗದ ಹಿಡಕೊಂಡು ಬಂದ್ರ ಏನ್ ಮಾಡ್ತೀರಿ?’

ನನಗೂ ಹೆದರಿಕೆ ಇತ್ತು. ಗೋಕಾಕದಂಥ ಊರಿನಲ್ಲಿ ಡಾಕ್ಟರ ಹೆಸರು ಕೆಡಲು ಒಂದು ಸಂತೆಯ ದಿನ ಸಾಕು. ಆದರೆ ವಿಷ ಒಳಗೆ ಹೋಗಿ ಎಷ್ಟು ದಿನವಾಯಿತು ಎಂಬುದರ ಮೇಲೆ ಅಲ್ಲಿಯವರು ಮುಂದಿನದನ್ನು ನಿರ್ಧರಿಸುವವರಿದ್ದರು. ಸಹಿ ಮಾಡಿದೆ. ಹೊರಗೆ ಹೋಗಿ ಅಜ್ಜನಿಗೂ ಹೇಳಿದೆ. ‘ಅಜ್ಜಾರ, ನೀವು ಹೇಳಿದ್ದು ಖರೆ ಇತ್ತು. ನಾ ಕೇಳಲಿಲ್ಲ. ತಪ್ಪು ನಂದು.’

ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

‘ಈಗ ಹೇಳಿ ಏನ್ ಮಾಡೂದೈತ್ರಿ? ನಡ್ರಿ, ಗಾಡಿ ಹತ್ರಿ’ ಎಂದರು.

ಆಂಬುಲೆನ್ಸಿನಲ್ಲಿ ನಾನೂ ಹೋದೆ. ಅವಳು ಮಲಗಲು ಒಪ್ಪಲಿಲ್ಲ, ಕಿಟಕಿಯ ಪಕ್ಕ ಕುಳಿತಳು. ಊರಿನ ಗದ್ದಲ ಕೇಳಿದಾಗಲೆಲ್ಲ ‘ಅಂಕಲಗಿ ಬಂತೇನ್ರಿ?’ ಎಂದು ಕೇಳುತ್ತಿದ್ದಳು. ಅಂಕಲಗಿ ನಿಜವಾಗಿಯೂ ಬಂದಾಗ ಹೇಳಿದೆ. ಅವಳ ಅಕ್ಕನನ್ನು ಕೊಟ್ಟ ಊರಂತೆ ಅದು. ಮುಖವನ್ನು ಗಾಜಿಗೆ ಹಚ್ಚಿ ಸ್ವಲ್ಪ ಹೊತ್ತು ಇದ್ದು, ‘ಬಿಸಲು ಗೊತ್ತಾಗತೈತ್ರಿ’ ಎಂದಳು. ಅಜ್ಜ ಅವಳ ಸೆರಗು ಸರಿಮಾಡಿ ಕೂರಿಸಿದರು.

ಐದು ದಿನ ಸ್ಟಿರಾಯ್ಡ್ ಕೊಟ್ಟರು. ಐದು ಸಲ ರಕ್ತದ ನೀರು ಬದಲಿಸಿದರು. ಎರಡನೆಯ ದಿನ ಗಂಡ ಕುರಿಗಳನ್ನು ಅಣ್ಣನಿಗೆ ಒಪ್ಪಿಸಿ ಮೂಡಲಗಿಯಿಂದ ನೇರ ಬಂದ. ನಾನು ದಿನ ಬಿಟ್ಟು ದಿನ ಹೋಗುತ್ತಿದ್ದೆ. ಹಾಸಿಗೆಯ ಪಕ್ಕ ನಿಂತು ಬೆರಳು ತೋರಿಸುವುದು, ಅವಳು ತಲೆ ಅಲ್ಲಾಡಿಸುವುದು, ‘ಇರ್ಲಿ ಬಿಡವ್ವಾ’ ಎಂದು ನಾನು ಕೈ ಇಳಿಸುವುದು. ಹನ್ನೆರಡನೆಯ ದಿನ ಬಲಗಣ್ಣಿನಿಂದ ‘ಎರಡು’ ಎಂದಳು. ನಾನು ತೋರಿಸಿದ್ದು ಎರಡೇ. ಆದರೆ ನನ್ನ ಕೈ ಅವಳ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಅದಕ್ಕಿಂತ ಮುಂದೆ ಆ ಕಣ್ಣು ಬರಲಿಲ್ಲ. ಎಡಗಣ್ಣಿಗೆ ಬೆಳಕು ಮಾತ್ರ ಉಳಿಯಿತು.

ಬಿಡುಗಡೆಯ ದಿನ ಅಲ್ಲಿಯ ವೈದ್ಯರನ್ನು ಕೇಳಿದೆ, ಸೋಮವಾರವೇ ಕಳಿಸಿದ್ದರೆ?

‘ಹೇಳೋಕೆ ಬರಲ್ಲ ಡಾಕ್ಟ್ರೇ. ಉಳೀತಿತ್ತು ಅಂತ ಹೇಳಲಾರೆ’ ಎಂದರು. ಸ್ವಲ್ಪ ತಡೆದು, ‘ಐದು ದಿನ ಹೆಚ್ಚಿಗೆ ಸಿಗ್ತಿತ್ತು’ ಎಂದರು.

ಯಾರೂ ಆ ಕಾಗದ ಹಿಡಿದುಕೊಂಡು ಬರಲಿಲ್ಲ. ಠಾಣೆಯವರು ಕೇಳಿದ್ದಕ್ಕೂ ಅಜ್ಜ, ಗೊತ್ತಿಲ್ಲದೆ ಕುಡಿದಿದ್ದಾಳೆ ಎಂದಷ್ಟೇ ಬರೆಸಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ಹಾಗೆ ಈಗ ನನ್ನಲ್ಲಿ ಎಲ್ಲ ವ್ಯವಸ್ಥೆ ಇದೆ. ಕುಡಿದ ವಸ್ತು ದನದ್ದೋ ಕುರಿಯದೋ ಆಗಿದ್ದರೆ ಮೊದಲು ಪಶುವೈದ್ಯರಿಗೆ ಫೋನು. ಅಳತೆ ಕೇಳುವಾಗ ಬೆರೆಸಿದವರು ಯಾರೆಂದೂ ಕೇಳುವುದು. ಆ ವಿಷಗಳ ಆ್ಯಪ್ ಮಾಡಿದವರಿಗೂ ನಡೆದದ್ದನ್ನೆಲ್ಲ ಬರೆದು, ದಯಮಾಡಿ ಈ ಹೆಸರು ಸೇರಿಸಿ ಎಂದು ಕೇಳಿಕೊಂಡೆ. ನಿಮ್ಮ ಸಲಹೆ ಅಮೂಲ್ಯ ಎಂದು ಒಂದೇ ನಿಮಿಷದಲ್ಲಿ ಉತ್ತರ ಬಂತು. ಯಂತ್ರ ಕಳಿಸಿದ್ದು. ಇನ್ನೂ ಎರಡು ಸಲ ಬರೆದೆ, ಅದೇ ಉತ್ತರ.

ಕಳೆದ ತಿಂಗಳು ಅವರಿಬ್ಬರೂ ಬಂದಿದ್ದರು. ಅಜ್ಜನಿಗೆ ಕೆಮ್ಮು. ಅವರನ್ನೊಬ್ಬರನ್ನೇ ಕಳಿಸಲು ಮನಸ್ಸಾಗದೆ ಆಕೆಯೂ ಬಂದಿದ್ದಳು. ಮೆಟ್ಟಿಲನ್ನು ಎಡವದೆ ಹತ್ತಿದಳು, ಅದು ಎಲ್ಲಿದೆಯೆಂದು ಈಗ ಅವಳ ಕಾಲಿಗೆ ಗೊತ್ತಿದೆ. ನಾನು ಅಜ್ಜನ ಎದೆ ನೋಡಿ, ಕೆಮ್ಮಿನ ಔಷಧ ಅವರ ಬಿಪಿ ಗುಳಿಗೆಗೆ ಹೊಂದುತ್ತದೆಯೇ ಎಂದು ನೋಡಲು ಫೋನು ತೆಗೆದೆ. ಅಜ್ಜ ಅದನ್ನೇ ನೋಡುತ್ತಿದ್ದರು.

‘ಸಾಹೇಬ್ರ, ಬರದ್ ಹಾಕೇನಿ ಅಂದಿದ್ರಲ್ಲ. ಆ ಔಷಧದ ಹೆಸರು ಈಗ ಬಂದೈತೇನ್ರಿ ಅದರಾಗ?’

ನೋಡುತ್ತೇನೆ ಎಂದೆ. ವಿಷಗಳ ಆ್ಯಪ್ ತೆರೆದು ಒಂದೊಂದೇ ಅಕ್ಷರ ಹಾಕಿದೆ. ಅವಳು ಮುಂದೆ ಬಾಗಿ ಕುಳಿತಿದ್ದಳು, ಮುಖ ನನ್ನ ದನಿ ಬಂದ ಕಡೆಗೆ.

‘ಏನ್ ಅಂತೈತ್ರಿ?’ ಎಂದಳು.

‘ಇಲ್ಲ ಅಂತೈತವ್ವಾ.’

ಅವಳು ಮೇಜಿನ ಮೇಲೆ ಕೈಯಾಡಿಸಿ ನನ್ನ ಮುಂಗೈ ಹುಡುಕಿ ಹಿಡಿದಳು.

‘ಅಂಥಾ ಔಷಧ ಐತಿ ಅಂತ ಹೇಳ್ರಿ ಆ ಫೋನಿಗಿ.’